ಅಂತರಜಾಲ ಶೋಧನೆ: ಸರಳ ಪದಗಳು ಹಾಗೂ ಶೋಧ ಚಿಹ್ನೆಗಳ ಬಳಕೆ

1. ಪೀಠಿಕೆ

ಸರ್ಕಾರಿ ಸೇವೆಗಳಿಗೆ ಅರ್ಜಿ ಸಲ್ಲಿಸುವ ಸಾರ್ವಜನಿಕರಲ್ಲಿ ಅನೇಕರು ಜಾಲತಾಣದ ವಿಳಾಸವನ್ನು ನೇರವಾಗಿ ನಮೂದಿಸದೆ, ಗೂಗಲ್ ಮುಂತಾದ ಶೋಧ ಯಂತ್ರಗಳ ಮೂಲಕ ಹುಡುಕುತ್ತಾರೆ. ಆಗ ಅಧಿಕೃತ ಜಾಲತಾಣಗಳೊಂದಿಗೆ ನಕಲಿ ಜಾಲತಾಣಗಳೂ ಕಂಡುಬರುವ ಸಂಭವವಿದೆ. ಪಾಸ್‌ಪೋರ್ಟ್ ಅರ್ಜಿದಾರರಿಂದ ನಕಲಿ ಜಾಲತಾಣಗಳು ಹೆಚ್ಚುವರಿ ಶುಲ್ಕವನ್ನೂ ವೈಯಕ್ತಿಕ ವಿವರಗಳನ್ನೂ ಪಡೆಯುತ್ತಿರುವ ಕುರಿತು ಕೇಂದ್ರ ವಿದೇಶಾಂಗ ಸಚಿವಾಲಯವು ಸಾರ್ವಜನಿಕರನ್ನು ಎಚ್ಚರಿಸಿದೆ. ಆದುದರಿಂದ ಶೋಧನೆಗೆ ಸರಳ ಪದಗಳು ಯಾವಾಗ ಸಾಕು, ಚಿಹ್ನೆಗಳು ಯಾವಾಗ ಅವಶ್ಯ ಎಂಬುದನ್ನು ಅರಿತಿರುವುದು ಸೂಕ್ತ.

2. ಹಿನ್ನೆಲೆ

1995ರ ಡಿಸೆಂಬರ್‌ನಲ್ಲಿ ಆರಂಭಗೊಂಡು 2013ರ ಜುಲೈನಲ್ಲಿ ಸ್ಥಗಿತಗೊಂಡ ಆಲ್ಟಾವಿಸ್ಟಾ ಶೋಧ ಯಂತ್ರವು ಸರಳ ಶೋಧನೆ ಮತ್ತು ಉನ್ನತ ಶೋಧನೆ ಎಂಬ ಎರಡು ವಿಧಾನಗಳನ್ನು ಒದಗಿಸಿತ್ತು. ಉನ್ನತ ಶೋಧನೆಯಲ್ಲಿ ಆ್ಯಂಡ್, ಆರ್, ನಾಟ್, ನಿಯರ್ ಎಂಬ ಸಂಯೋಜಕ ಪದಗಳನ್ನು ಬಳಸಬೇಕಾಗಿತ್ತು. 1998ರಲ್ಲಿ ಸ್ಥಾಪನೆಯಾದ ಗೂಗಲ್ ಸಂಸ್ಥೆಯು ಒಂದೇ ಪೆಟ್ಟಿಗೆಯ ಸರಳ ಪುಟವನ್ನು ರೂಢಿಗೆ ತಂದು, ಉನ್ನತ ಸೌಲಭ್ಯಗಳನ್ನು ಪ್ರತ್ಯೇಕ ನಮೂನೆಯಲ್ಲಿ ಇರಿಸಿತು. ಕೆಲವು ಚಿಹ್ನೆಗಳನ್ನು ಕ್ರಮೇಣ ಕೈಬಿಡಲಾಯಿತು: 2011ರ ಅಕ್ಟೋಬರ್‌ನಲ್ಲಿ ಧನ ಚಿಹ್ನೆಯನ್ನು (+) ಹಾಗೂ 2013ರಲ್ಲಿ ಸಮಾನಾರ್ಥಕ ಪದಗಳನ್ನು ಹುಡುಕುವ ತರಂಗ ಚಿಹ್ನೆಯನ್ನು (~) ಹಿಂಪಡೆಯಲಾಯಿತು.

ಸರಳ ಶೋಧನೆಯಲ್ಲಿ ಯಂತ್ರವು ಕಾಗುಣಿತ ದೋಷವನ್ನು ತಾನೇ ಸರಿಪಡಿಸಿ, ಸಮೀಪಾರ್ಥದ ಪದಗಳನ್ನೂ ಪರಿಗಣಿಸುತ್ತದೆ. ಇದು ಅನುಕೂಲಕರವಾದರೂ ಬಳಕೆದಾರರ ಉದ್ದೇಶವನ್ನು ಯಂತ್ರವೇ ಊಹಿಸುವಂತಾಗುತ್ತದೆ. ಚಿಹ್ನೆಗಳು ಆ ಊಹೆಗೆ ಮಿತಿ ಹಾಕುತ್ತವೆ.

3. ಉಪಯುಕ್ತ ಚಿಹ್ನೆಗಳು

ಅರ್ಜಿದಾರರಿಗೆ ಸಾಮಾನ್ಯವಾಗಿ ಈ ಕೆಳಕಂಡ ಮೂರು ಸಾಕಾಗುತ್ತವೆ:

(ಅ) ಜಾಲತಾಣದ ಮಿತಿ: ಸೈಟ್ ಎಂಬ ಪದವನ್ನು ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ ಬರೆದು, ನಡುವೆ ಜಾಗ ಬಿಡದೆ ವಿವರಣ ಚಿಹ್ನೆಯನ್ನೂ (:) ಅದರ ನಂತರ ಜಿಓವಿ ಡಾಟ್ ಐಎನ್ ಎಂಬುದನ್ನೂ ಇಂಗ್ಲಿಷ್‌ನಲ್ಲಿ ನಮೂದಿಸಿದಲ್ಲಿ, ಆ ವಿಳಾಸದಲ್ಲಿ ಕೊನೆಗೊಳ್ಳುವ ಜಾಲತಾಣಗಳ ಪುಟಗಳಷ್ಟೇ ದೊರೆಯುತ್ತವೆ. ಈ ವಿಳಾಸವು ಭಾರತದ ಸರ್ಕಾರಿ ಸಂಸ್ಥೆಗಳಿಗೆ ಮೀಸಲಾಗಿದೆ.

(ಆ) ಉದ್ಧರಣ ಚಿಹ್ನೆ (" "): ಇದರೊಳಗಿನ ಪದಗಳನ್ನು ಯಂತ್ರವು ಅದೇ ರೂಪದಲ್ಲಿ, ಅದೇ ಕ್ರಮದಲ್ಲಿ ಹುಡುಕುತ್ತದೆ. ಆದೇಶ ಸಂಖ್ಯೆ ತಿಳಿದಿದ್ದಲ್ಲಿ ಇದು ಉಪಯುಕ್ತ.

(ಇ) ಋಣ ಚಿಹ್ನೆ (-): ಬೇಡವಾದ ಪದದ ಹಿಂದೆಯೇ ಜಾಗ ಬಿಡದೆ ಇದನ್ನು ನಮೂದಿಸಿದಲ್ಲಿ ಆ ಪದವಿರುವ ಪುಟಗಳು ಕೈಬಿಟ್ಟುಹೋಗುತ್ತವೆ.

ಚಿಹ್ನೆಗಳನ್ನು ನೆನಪಿಡಲು ಕಷ್ಟವಾದಲ್ಲಿ ಗೂಗಲ್‌ನ ಉನ್ನತ ಶೋಧನೆಯ ನಮೂನೆಯನ್ನು ಭರ್ತಿ ಮಾಡಿ ಇದೇ ಫಲಿತಾಂಶ ಪಡೆಯಬಹುದು.

4. ಕನ್ನಡದಲ್ಲಿ ಶೋಧಿಸುವವರ ಗಮನಕ್ಕೆ

"ಆದಾಯ ಪ್ರಮಾಣಪತ್ರ" ಎಂದು ಉದ್ಧರಣ ಚಿಹ್ನೆಯೊಳಗೆ ಬರೆದಲ್ಲಿ, "ಆದಾಯ ಪ್ರಮಾಣ ಪತ್ರ" ಎಂದು ಬಿಡಿಸಿ ಬರೆದ ಪುಟಗಳು ತಪ್ಪಿಹೋಗಬಹುದು. ಅರ್ಜಿ, ಅರ್ಜಿಯ, ಅರ್ಜಿಗಳು ಮುಂತಾದ ವಿಭಕ್ತಿ ಹಾಗೂ ವಚನ ರೂಪಗಳಿಗೂ ಇದು ಅನ್ವಯಿಸುತ್ತದೆ. ಆದುದರಿಂದ ಕನ್ನಡದಲ್ಲಿ ಮೊದಲು ಚಿಹ್ನೆಯಿಲ್ಲದೆ ಹುಡುಕುವುದು ಲೇಸು. ಯೂನಿಕೋಡ್ ಪೂರ್ವದ ಅಕ್ಷರ ವಿನ್ಯಾಸಗಳಲ್ಲಿ ಸಿದ್ಧಪಡಿಸಿದ ಹಳೆಯ ಆದೇಶಗಳು ಕನ್ನಡ ಪದಗಳಿಗೆ ದೊರೆಯದೇ ಇರಬಹುದು. ಅಂತಹ ಸಂದರ್ಭದಲ್ಲಿ ಸಂಬಂಧಿತ ಇಲಾಖೆಯ ಜಾಲತಾಣದಲ್ಲಿಯೇ ಪರಿಶೀಲಿಸತಕ್ಕದ್ದು.

5. ಅನುಸರಿಸಬೇಕಾದ ಕ್ರಮ

ಮೊದಲಿಗೆ ಸೇವೆಯ ಹೆಸರು ಹಾಗೂ ಇಲಾಖೆಯ ಹೆಸರನ್ನು ಮಾತ್ರ ನಮೂದಿಸುವುದು. ಫಲಿತಾಂಶಗಳು ಅತಿಯಾಗಿದ್ದಲ್ಲಿ ಜಾಲತಾಣದ ಮಿತಿಯನ್ನು ಸೇರಿಸುವುದು. ಆನಂತರವೂ ಅಗತ್ಯವಿದ್ದಲ್ಲಿ ಉಳಿದ ಚಿಹ್ನೆಗಳನ್ನು ಒಂದೊಂದಾಗಿ ಬಳಸುವುದು. ಒಮ್ಮೆಲೇ ಹಲವು ಚಿಹ್ನೆಗಳನ್ನು ಬಳಸಿದಲ್ಲಿ ಬೇಕಾದ ಪುಟವೇ ಹೊರಗುಳಿಯಬಹುದು ಹಾಗೂ ಯಾವ ಚಿಹ್ನೆಯಿಂದ ಹಾಗಾಯಿತೆಂದು ತಿಳಿಯುವುದಿಲ್ಲ.

ಸೂಚನೆ: ಫಲಿತಾಂಶಗಳ ಮೇಲ್ಭಾಗದಲ್ಲಿ ಪ್ರಾಯೋಜಿತ ಎಂಬ ಗುರುತಿನೊಂದಿಗೆ ಬರುವ ಜಾಹೀರಾತುಗಳನ್ನು ಅಧಿಕೃತವೆಂದು ಭಾವಿಸಬಾರದು. ರೈಲ್ವೆ ಟಿಕೆಟ್ ನೀಡುವ ಐಆರ್‌ಸಿಟಿಸಿಯಂತಹ ಕೆಲವು ಸಾರ್ವಜನಿಕ ಸಂಸ್ಥೆಗಳ ವಿಳಾಸ ಬೇರೆ ರೀತಿಯಲ್ಲಿ ಕೊನೆಗೊಳ್ಳುವುದರಿಂದ, ಅವು (ಅ) ಕ್ರಮದಲ್ಲಿ ದೊರೆಯುವುದಿಲ್ಲ. ಯಾವುದೇ ಸಂದರ್ಭದಲ್ಲಿ ಶುಲ್ಕ ಪಾವತಿಸುವ ಅಥವಾ ಆಧಾರ್ ಸಂಖ್ಯೆ ನೀಡುವ ಮುನ್ನ ಪುಟದ ಪೂರ್ಣ ವಿಳಾಸವನ್ನು ಓದಿ ಖಚಿತಪಡಿಸಿಕೊಳ್ಳುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ.