ಎಂಜಿನ್ನಿನೊಳಗೆ ಗಾಳಿ ತಿರುಗಿಬಿದ್ದಾಗ

ಚುನಾವಣಾ ಪ್ರಚಾರದ ದಿನಗಳಲ್ಲಿ ಬಾದಾಮಿ, ಹುನಗುಂದ, ಇಳಕಲ್ಲಿನ ಕಡೆ ಹೆಲಿಕಾಪ್ಟರ್ ಇಳಿಯಬೇಕಾದರೆ ಮೊದಲು ಟ್ಯಾಂಕರ್ ತರಿಸಿ ನೆಲಕ್ಕೆ ನೀರು ಹೊಡೆಸುತ್ತಾರೆ. ಧೂಳೆದ್ದರೆ ಪೈಲಟ್‌ಗೆ ನೆಲ ಕಾಣುವುದಿಲ್ಲ ಎಂಬುದು ಎಲ್ಲರಿಗೂ ತಿಳಿದ ಕಾರಣ. ಇನ್ನೊಂದು ಕಾರಣ ಎಂಜಿನ್ನಿನೊಳಗಿದೆ. ಮರಳು, ಧೂಳು ಗಾಳಿಯನ್ನು ಒತ್ತುವ ಕಂಪ್ರೆಸರಿನ ಬ್ಲೇಡುಗಳ ಅಂಚನ್ನು ಸವೆಸುತ್ತವೆ. ಸವೆದ ಕಂಪ್ರೆಸರ್ ಬೇಗ ಸ್ಟಾಲ್ ಆಗುತ್ತದೆ.

ಸಾಲುಸಾಲಾಗಿ ಕೂರಿಸಿದ ಈ ಬ್ಲೇಡುಗಳಲ್ಲಿ ಒಂದೊಂದೂ ಪುಟ್ಟ ರೆಕ್ಕೆ. ಗಾಳಿ ತೀರ ಓರೆಯಾಗಿ ಬಂದರೆ ಬ್ಲೇಡಿನ ಬೆನ್ನಿನಿಂದ ಹರಿವು ಕಿತ್ತುಹೋಗುತ್ತದೆ. ಅದೇ ಸ್ಟಾಲ್. ಅದು ಕೆಲವೇ ಬ್ಲೇಡುಗಳಲ್ಲಿ ಹುಟ್ಟಿ ಸುತ್ತುತ್ತಲೇ ಇರಬಹುದು. ಇಡೀ ಹರಿವು ಕುಸಿದರೆ ಮಾತ್ರ ಒತ್ತಿಟ್ಟ ಗಾಳಿ ಹಿಂದಕ್ಕೆ ನುಗ್ಗುತ್ತದೆ. ದೊಡ್ಡ ಸ್ಫೋಟದ ಸದ್ದಿನ ಜೊತೆ ಎಂಜಿನ್ನಿನ ಮುಂದಿನ ಬಾಯಿಯಿಂದ ಬೆಂಕಿಯೂ ಹೊರಬರಬಹುದು. ಇದನ್ನು ಸರ್ಜ್ ಎನ್ನುತ್ತಾರೆ.

ಬ್ರಿಟನ್ನಿನ ಎಂಜಿನಿಯರ್ ಎ. ಎ. ಗ್ರಿಫಿತ್ 1926ರಲ್ಲೇ ಆ ಕಾಲದ ಕಂಪ್ರೆಸರುಗಳ ಚಪ್ಪಟೆ ಬ್ಲೇಡುಗಳು ಸದಾ ಸ್ಟಾಲ್ ಸ್ಥಿತಿಯಲ್ಲೇ ತಿರುಗುತ್ತಿವೆ ಎಂದು ತೋರಿಸಿದ್ದರು. ಬ್ಲೇಡಿಗೆ ರೆಕ್ಕೆಯ ಆಕಾರ ಬಂತು, ಆದರೂ ಕಾಟ ತಪ್ಪಲಿಲ್ಲ. 1950ರ ದಶಕದ ಬ್ರಿಟನ್ನಿನ ಮೊದಲ ಹಂಟರ್ ಯುದ್ಧವಿಮಾನಗಳು ಎತ್ತರದಲ್ಲಿ ಫಿರಂಗಿ ಹಾರಿಸಿದರೆ ಅವುಗಳ ಏವನ್ ಎಂಜಿನ್ ಸರ್ಜ್ ಆಗುತ್ತಿತ್ತು. ಗುಂಡು ಹಾರುವಾಗ ಇಂಧನವನ್ನು ಕ್ಷಣಕಾಲ ತಗ್ಗಿಸುವ ಉಪಾಯ ಹೂಡಬೇಕಾಯಿತು. ಕಂಪ್ರೆಸರನ್ನೇ ತಿದ್ದಿದ ಮುಂದಿನ ಏವನ್ ಎಂಜಿನ್ನಿನ ಹಂಟರ್‌ಗಳನ್ನು ಭಾರತ ಕೊಂಡಿತು. 1971ರ ಯುದ್ಧದಲ್ಲಿ ರಾಜಸ್ಥಾನದ ಲೋಂಗೆವಾಲಾದಲ್ಲಿ ಪಾಕಿಸ್ತಾನದ ಟ್ಯಾಂಕುಗಳನ್ನು ಬಡಿದದ್ದು ಅವೇ.

ಮೂರು ಪರಿಹಾರಗಳು ಬಹುಕಾಲ ಉಳಿದವು: ಬೇರೆಬೇರೆ ವೇಗದಲ್ಲಿ ತಿರುಗುವ ಎರಡು ಶಾಫ್ಟ್, ಹೆಚ್ಚಾದ ಗಾಳಿಯನ್ನು ಹೊರಬಿಡುವ ಕವಾಟ, ಕೋನ ಬದಲಿಸುವ ಸ್ಥಿರ ಬ್ಲೇಡು. ಕೊನೆಯದನ್ನು ಜನರಲ್ ಎಲೆಕ್ಟ್ರಿಕ್‌ನ ಗೆರ್ಹಾರ್ಡ್ ನ್ಯೂಮನ್ ಜೆ79 ಎಂಜಿನ್ನಿನಲ್ಲಿ ಗೆಲ್ಲಿಸಿದರು. 1976ರಲ್ಲಿ ಎಂಜಿನಿಯರ್ ಎಡ್ವರ್ಡ್ ಗ್ರೈಟ್ಜರ್ ಸರ್ಜ್ ಯಾವಾಗ, ಸುತ್ತುವ ಸ್ಟಾಲ್ ಯಾವಾಗ ಎಂಬುದಕ್ಕೆ ಗಣಿತದ ನೆಲೆ ಕೊಟ್ಟರು.

ಅಪಘಾತಗಳು ಮಾತ್ರ ನಿಲ್ಲಲಿಲ್ಲ. 1991ರ ಡಿಸೆಂಬರ್ 27ರಂದು ಸ್ಟಾಕ್‌ಹೋಮ್‌ನಿಂದ ಹೊರಟ ಎಸ್‌ಎಎಸ್ ಸಂಸ್ಥೆಯ ಎಂಡಿ-81 ವಿಮಾನದ ರೆಕ್ಕೆಯ ಮೇಲಿನ ಮಂಜುಗಡ್ಡೆ ಬಾಲದ ಕಡೆಯ ಎರಡೂ ಎಂಜಿನ್ನುಗಳಿಗೆ ಬಡಿಯಿತು. ಪೈಲಟ್ ಥ್ರಾಟಲ್ ಇಳಿಸಿದರೆ ಸ್ವಯಂಚಾಲಿತ ವ್ಯವಸ್ಥೆ ಮತ್ತೆ ಏರಿಸುತ್ತಿತ್ತು. ಅಂಥದೊಂದು ವ್ಯವಸ್ಥೆ ಇದೆಯೆಂದೇ ಪೈಲಟ್‌ಗಳಿಗೆ ಗೊತ್ತಿರಲಿಲ್ಲ. ಸರ್ಜ್ ಮೇಲೆ ಸರ್ಜ್ ಆಗಿ ಎಂಜಿನ್ನುಗಳು ಛಿದ್ರವಾದವು. ವಿಮಾನ ಹೊಲದಲ್ಲಿ ಬಿದ್ದು ಮೂರು ತುಂಡಾದರೂ 129 ಜನ ಬದುಕಿದರು. ಎಂಜಿನ್ನಿನಷ್ಟೇ ತಿಳಿವಳಿಕೆಯ ಕೊರತೆಯೂ ಅಲ್ಲಿ ಕೆಡುಕು ಮಾಡಿತ್ತು. 1994ರಲ್ಲಿ ಅಮೆರಿಕದ ನೌಕಾಪಡೆಯ ಪೈಲಟ್ ಕಾರಾ ಹಲ್ಟ್‌ಗ್ರೀನ್ ಎಫ್-14ರಲ್ಲಿ ಹಡಗಿಗೆ ಇಳಿಯಲು ಬರುತ್ತಿದ್ದಾಗ ವಿಮಾನ ಪಕ್ಕಕ್ಕೆ ಜಾರಿತು, ಎಡ ಎಂಜಿನ್ ಸ್ಟಾಲ್ ಆಯಿತು. ಅವರು ಉಳಿಯಲಿಲ್ಲ.

ಕರ್ನಾಟಕಕ್ಕೆ ಈ ವಿದ್ಯೆ ಬಂದದ್ದು ಬೆಂಗಳೂರಿನ ಎಚ್‌ಎಎಲ್ ಬ್ರಿಸ್ಟಲ್ ಕಂಪನಿಯ ಆರ್ಫಿಯಸ್ ಎಂಜಿನ್ ತಯಾರಿಗೆ ಕೈಹಾಕಿದಾಗ. 1961ರಲ್ಲಿ ಹಾರಿದ ಮಾರುತ್ ಯುದ್ಧವಿಮಾನಕ್ಕೂ ಆರ್ಫಿಯಸ್ಸೇ ಗತಿಯಾಯಿತು. ಪರವಾನಗಿಯಲ್ಲಿ ಎಂಜಿನ್ ಜೋಡಿಸುವುದು ಬೇರೆ, ಅದು ಯಾವ ಅಂಚಿನಲ್ಲಿ ಸ್ಟಾಲ್ ಆಗುತ್ತದೆಂದು ತಾವೇ ಅಳೆದು ವಿನ್ಯಾಸ ಮಾಡುವುದು ಬೇರೆ. ಬೆಂಗಳೂರಿನ ಎಂಜಿನ್ ಸಂಶೋಧನಾ ಸಂಸ್ಥೆ ಜಿಟಿಆರ್‌ಇ 1989ರಲ್ಲಿ ಮಂಜೂರಾದ ಕಾವೇರಿ ಎಂಜಿನ್ ಯೋಜನೆಯಲ್ಲಿ ಎರಡನೆಯದಕ್ಕೆ ಇಳಿಯಿತು: ಮುಂದೆ ಮೂರು ಹಂತದ ಫ್ಯಾನ್, ಹಿಂದೆ ಆರು ಹಂತದ ಕಂಪ್ರೆಸರ್, ಕೋನ ಬದಲಿಸುವ ಪ್ರವೇಶ ಬ್ಲೇಡು, ಕಾವಲಿಗೆ ಡಿಜಿಟಲ್ ನಿಯಂತ್ರಣ. ಕಾವೇರಿ ತೇಜಸ್ ಯುದ್ಧವಿಮಾನಕ್ಕೆ ಏರಲಿಲ್ಲ. ಅದಕ್ಕಾಗಿ ಅದನ್ನು ಬರೀ ಸೋಲು ಎನ್ನುವುದು ಅನ್ಯಾಯ. ಕಂಪ್ರೆಸರ್ ವಿನ್ಯಾಸದ ಅನುಭವ ಇಲ್ಲಿನವರ ಕೈಯಲ್ಲಿ ಬೆಳೆದದ್ದರಲ್ಲಿ ಅದರ ಪಾಲು ದೊಡ್ಡದು.

ಎತ್ತರದಲ್ಲಿ ಗಾಳಿ ತೆಳುವಾದಾಗ ಸ್ಟಾಲ್ ಅಂಚು ಎಲ್ಲಿದೆ ಎಂಬುದು ನೆಲದ ಪರೀಕ್ಷೆಯಿಂದ ಪೂರ್ತಿ ತಿಳಿಯದು. 2010ರ ನವೆಂಬರಿನಲ್ಲಿ ಕಾವೇರಿಯನ್ನು ಐಎಲ್-76 ವಿಮಾನಕ್ಕೆ ಕಟ್ಟಿ ಹಾರಿಸಿದ್ದು ರಷ್ಯಾದಲ್ಲಿ. ಅಂಥ ಹಾರಾಟ ಪರೀಕ್ಷೆ ನಮ್ಮ ದೇಶದಲ್ಲೇ ಆಗಬೇಕು. ಅದಕ್ಕಾಗಿ ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿನಂಥ ಕಡೆ ಮೆಕ್ಯಾನಿಕಲ್ ಓದುವ ಹುಡುಗ ಹುಡುಗಿಯರು ಕಂಪ್ರೆಸರಿನ ಗಾಳಿಶಾಸ್ತ್ರವನ್ನು ಕೈಗೆತ್ತಿಕೊಳ್ಳಲಿ. ಬೆಂಗಳೂರಿನ ಪ್ರಯೋಗಾಲಯಗಳಿಗೆ ಅಂಥವರು ಬೇಕು.