ಒಂದು ಕೂಡಿಸಿದರೆ ನಾಲ್ಕು: ಸಿ ಭಾಷೆಯ ಪಾಯಿಂಟರ್ ಲೆಕ್ಕ

ಸಿ ಕಲಿಯುವ ಹುಡುಗರು ಪಾಯಿಂಟರ್ ಪಾಠಕ್ಕೆ ಬಂದಾಗ ನನ್ನನ್ನು ತಪ್ಪದೆ ಕೇಳೋ ಪ್ರಶ್ನೆ ಒಂದಿದೆ: ‘ಸಾರ್, ವಿಳಾಸ 1000 ಇತ್ತು, ಅದಕ್ಕೆ 1 ಕೂಡಿಸಿದೆ, 1004 ಹೇಗೆ ಬಂತು?’

ಬಡಾವಣೆಯಲ್ಲಿ ‘ಒಂದು ಸೈಟು ಮುಂದೆ ಹೋಗು’ ಅಂದರೆ ಒಂದು ಅಡಿ ಹೋಗು ಅಂತಲ್ಲ. ಸೈಟಿನ ಅಗಲ 30 ಅಡಿ ಇದ್ದರೆ 30 ಅಡಿ ನಡೆಯಬೇಕು. ಪಾಯಿಂಟರ್‌ನದ್ದೂ ಇದೇ ಲೆಕ್ಕ. 4 ಬೈಟಿನ ಇಂಟ್ ಕಡೆಗೆ ತೋರಿಸುವ ಪಾಯಿಂಟರ್‌ಗೆ 1 ಕೂಡಿಸಿದರೆ ಕಂಪೈಲರ್ 4 ಬೈಟ್ ದಾಟಿಸುತ್ತದೆ, 8 ಬೈಟಿನ ಡಬಲ್ ಆದರೆ 8. ಕ್ಯಾರ್ ಆದರೆ ಮಾತ್ರ 1.

ಇದಕ್ಕೆ ಹಿನ್ನೆಲೆಯೂ ಇದೆ. ಸಿ ಹುಟ್ಟಿದ್ದು ಬಿ ಎಂಬ ಭಾಷೆಯಿಂದ. ಬಿಯಲ್ಲಿ ಟೈಪ್‌ಗಳೇ ಇರಲಿಲ್ಲ, ಪಾಯಿಂಟರ್ ಎಂದರೆ ವರ್ಡ್‌ಗಳ ಕ್ರಮಸಂಖ್ಯೆ ಅಷ್ಟೇ. ಬೈಟ್ ಲೆಕ್ಕದಲ್ಲಿ ವಿಳಾಸ ಕೊಡುವ ಪಿಡಿಪಿ-11 ಯಂತ್ರ ಬೆಲ್ ಲ್ಯಾಬ್ಸ್‌ಗೆ ಬಂದ ಮೇಲೆ, ಪಾಯಿಂಟರ್ ಬಳಸಿದಾಗಲೆಲ್ಲ ವರ್ಡ್ ಸಂಖ್ಯೆಯನ್ನು ಬೈಟ್ ವಿಳಾಸವಾಗಿ ಬದಲಿಸಬೇಕಾಯಿತು. ಡೆನಿಸ್ ರಿಚಿ ಭಾಷೆಗೆ ಟೈಪ್‌ಗಳನ್ನು ತಂದ ಕಾರಣಗಳಲ್ಲಿ ಇದೂ ಒಂದು.

ಈ ಲೆಕ್ಕಕ್ಕೆ ಬೇಲಿಯೂ ಉಂಟು. ಅರೇಯ ಒಳಗೆ ಎಲ್ಲಿ ಬೇಕಾದರೂ ಓಡಾಡಬಹುದು. ಕೊನೆಯ ಅಂಶದ ಮುಂದಿನ ವಿಳಾಸವನ್ನು ಲೆಕ್ಕ ಹಾಕಬಹುದು, ಆದರೆ ಅಲ್ಲಿಂದ ಓದುವಂತಿಲ್ಲ. ಅದಕ್ಕಿಂತ ಆಚೆಗೆ ಓದುವುದಿರಲಿ, ವಿಳಾಸ ಲೆಕ್ಕ ಹಾಕಿದರೂ ಸಿ ಯಾವ ಖಾತರಿಯನ್ನೂ ಕೊಡುವುದಿಲ್ಲ.

ಇನ್ನು ಅಲೈನ್‌ಮೆಂಟ್. ಸಾಮಾನ್ಯ ಯಂತ್ರಗಳಲ್ಲಿ 4 ಬೈಟಿನ ಇಂಟ್ 4ರಿಂದ ಭಾಗವಾಗುವ ವಿಳಾಸದಲ್ಲೇ ಕೂರಬೇಕು. ಕ್ಯಾರ್, ಇಂಟ್, ಕ್ಯಾರ್ ಎಂಬ ಕ್ರಮದಲ್ಲಿ ಸ್ಟ್ರಕ್ಟ್ ಬರೆದರೆ ಅದು 6 ಬೈಟ್ ಆಗದೆ 12 ಆಗೋದು ಇದಕ್ಕೇ, ನಡುವೆ ಖಾಲಿ ಜಾಗ ತುಂಬುತ್ತದೆ. ಇಂಟನ್ನು ಮೊದಲಿಗೆ ಹಾಕಿ, 8ಕ್ಕೆ ಇಳಿಯುತ್ತದೆ. ಒಂದು ಲಕ್ಷ ದಾಖಲೆ ಇದ್ದರೆ 4 ಲಕ್ಷ ಬೈಟ್ ಉಳಿತಾಯ. ಕ್ರಮ ಬದಲಿಸುವ ಅಧಿಕಾರ ಕಂಪೈಲರ್‌ಗಿಲ್ಲ, ಬರೆಯುವವರೇ ನೋಡಿಕೊಳ್ಳಬೇಕು. ಆ ಖಾಲಿ ಬೈಟ್‌ಗಳಲ್ಲಿ ಹಳೆಯ ಮೆಮೊರಿಯ ಕಸ ಉಳಿದಿರಬಹುದು. ಸ್ಟ್ರಕ್ಟನ್ನು ಇಡಿಯಾಗಿ ಹೊರಗೆ ಕಳಿಸಿದರೆ ಗುಟ್ಟಿನ ಮಾಹಿತಿಯೂ ಜೊತೆಗೆ ಹೋದೀತು. ಆಪರೇಟಿಂಗ್ ಸಿಸ್ಟಮ್ ಕರ್ನಲ್‌ಗಳಲ್ಲಿ ಇಂಥ ಸೋರಿಕೆಗಳು ಆಗಿವೆ.

ಎರಡೂ ವಿಷಯ ಡಿಕ್ಕಿ ಹೊಡೆಯೋದು ಕ್ಯಾಸ್ಟ್ ಮಾಡುವಾಗ. ನೆಟ್‌ವರ್ಕ್‌ನಿಂದ ಬಂದ ಪ್ಯಾಕೆಟ್ ಒಂದು ಕ್ಯಾರ್ ಬಫರ್‌ನಲ್ಲಿದೆ ಅನ್ನಿ. ಈಥರ್ನೆಟ್ ಹೆಡರ್ 14 ಬೈಟ್. 14 ಎಂಬುದು 4ರಿಂದ ಭಾಗವಾಗಲ್ಲ. ಅಲ್ಲಿಂದ ಮುಂದಿನದನ್ನು ಇಂಟ್ ಪಾಯಿಂಟರ್‌ಗೆ ಕ್ಯಾಸ್ಟ್ ಮಾಡಿ ಓದಿದರೆ ಅಲೈನ್‌ಮೆಂಟ್ ತಪ್ಪಿತು. ಇದನ್ನು ತಪ್ಪಿಸಲೆಂದೇ ಲಿನಕ್ಸ್‌ನ ಹಲವು ನೆಟ್‌ವರ್ಕ್ ಡ್ರೈವರ್‌ಗಳು ಮುಂದೆ 2 ಬೈಟ್ ಖಾಲಿ ಬಿಟ್ಟು ಪ್ಯಾಕೆಟ್ ಇಳಿಸಿಕೊಳ್ಳುತ್ತವೆ.

‘ನನ್ನ ಲ್ಯಾಪ್‌ಟಾಪಲ್ಲಿ ಓಡ್ತಲ್ಲ?’ ಎಂಬ ವಾದವನ್ನು ನಾನು ಒಪ್ಪೋದಿಲ್ಲ. ಇಂಟೆಲ್ ಮಾದರಿಯ ಪ್ರೊಸೆಸರ್ ಸಾಮಾನ್ಯವಾಗಿ ಇಂಥದ್ದನ್ನು ಸಹಿಸಿಕೊಳ್ಳುತ್ತದೆ. ಅದೇ ಕೋಡನ್ನು ಕಾರ್ಟೆಕ್ಸ್-ಎಂ0 ಇರುವ ಪುಟ್ಟ ಬೋರ್ಡಿಗೆ ಹಾಕಿ ನೋಡಿ, ಹಾರ್ಡ್ ಫಾಲ್ಟ್ ಬಂದು ನಿಲ್ಲುತ್ತದೆ. ಲ್ಯಾಪ್‌ಟಾಪಿನಲ್ಲೂ ಪೂರ್ತಿ ನಂಬುವ ಹಾಗಿಲ್ಲ. ಪಾಯಿಂಟರ್ ಸರಿಯಾಗಿ ಅಲೈನ್ ಆಗಿದೆ ಎಂದು ನಂಬಿಯೇ ಕಂಪೈಲರ್ ಆಪ್ಟಿಮೈಸ್ ಮಾಡುತ್ತದೆ. 16ರ ಗುಣಕವೇ ಬೇಕೆನ್ನುವ ವೆಕ್ಟರ್ ಸೂಚನೆಯನ್ನು ಅದು ಬಳಸಿದ ದಿನ, ನಿನ್ನೆವರೆಗೆ ಓಡುತ್ತಿದ್ದ ಪ್ರೋಗ್ರಾಂ ಬಿದ್ದುಹೋಗುತ್ತದೆ.

ಪರಿಹಾರ ಸುಲಭ. ಕ್ಯಾಸ್ಟ್ ಬಿಟ್ಟು, ಮೆಮ್‌ಕಾಪಿಯಿಂದ 4 ಬೈಟನ್ನು ಒಂದು ಇಂಟ್ ಚರಕ್ಕೆ ನಕಲಿಸಿ. ನಿಧಾನವಾಗುತ್ತೆ ಅಂತ ಹೆದರೋದು ಬೇಡ, ಯಂತ್ರ ಒಪ್ಪುವ ಕಡೆ ಕಂಪೈಲರ್ ಅದನ್ನು ಒಂದೇ ಸೂಚನೆಗೆ ಇಳಿಸುತ್ತದೆ. ಪ್ಯಾಕ್ಡ್ ಸ್ಟ್ರಕ್ಟ್ ಮೊರೆ ಹೋಗುವವರಿದ್ದಾರೆ. ಅದರ ಒಳಗಿನ ಇಂಟ್‌ನ ವಿಳಾಸ ತೆಗೆದು ಬೇರೆ ಫಂಕ್ಷನ್‌ಗೆ ಕೊಟ್ಟರೆ ಅದೇ ತೊಂದರೆ ಹಿಂಬಾಗಿಲಿನಿಂದ ಬರುತ್ತದೆ.

ಜಿಸಿಸಿಯ ‘ಕ್ಯಾಸ್ಟ್-ಅಲೈನ್’ ಎಚ್ಚರಿಕೆ ಇಂಟೆಲ್ ಯಂತ್ರದಲ್ಲಿ ಬಾಯಿ ಬಿಡುವುದಿಲ್ಲ, ‘ಸ್ಟ್ರಿಕ್ಟ್’ ಎಂದು ಸೇರಿಸಿದರೆ ಮಾತ್ರ ಹೇಳುತ್ತದೆ. ಓಡುವಾಗಲೇ ಹಿಡಿಯಬೇಕೆಂದರೆ ಅಲೈನ್‌ಮೆಂಟ್ ಸ್ಯಾನಿಟೈಸರ್ ಹಾಕಿ ಕಂಪೈಲ್ ಮಾಡಿ. ತಪ್ಪಿದ ಸಾಲಿನ ಸಂಖ್ಯೆಯನ್ನೇ ಅದು ತೋರಿಸುತ್ತದೆ.