ಆಟದ ಪ್ರಸಾರ ಯಾರ ಸೊತ್ತು?

ನಮ್ಮ ದೇಶದ ಕ್ರಿಕೆಟ್ಟು ಕಳೆದ ಮೂರು ದಶಕಗಳಲ್ಲಿ ಗಳಿಸಿದ ಐಶ್ವರ್ಯದ ಬಹುಪಾಲು ಮೈದಾನದ ಬಾಗಿಲಲ್ಲಿ ಟಿಕೀಟು ಹರಿದು ಬಂದುದಲ್ಲವೆಂಬುದು ಸರ್ವವಿದಿತ. ಆಟದ ಚಿತ್ರವನ್ನು ಮನೆಮನೆಗೆ ಮುಟ್ಟಿಸುವ ಹಕ್ಕನ್ನು ಮಾರಿ ಆ ಹಣ ಬಂದಿದೆ. ಈ ಹಕ್ಕು ಹುಟ್ಟಿದ ಬಗೆ ಹೇಗೆ, ಅದರ ಒಡೆಯರು ಯಾರು, ಗಡಿನಾಡಿನ ಕನ್ನಡಿಗರಾದ ನಮಗೂ ಅದಕ್ಕೂ ಇರುವ ಸಂಬಂಧವೇನು ಎಂಬುದನ್ನು ಇಲ್ಲಿ ವಿಚಾರಿಸಲು ಬಯಸುತ್ತೇವೆ.

1983ರ ಜೂನ್ 25ರಂದು ಭಾರತ ವಿಶ್ವಕಪ್ಪನ್ನು ಗೆದ್ದಾಗ ಕ್ರಿಕೆಟ್ ಮಂಡಳಿಯ ಕೈಯಲ್ಲಿ ಆಟಗಾರರಿಗೆ ತಕ್ಕ ಬಹುಮಾನ ಕೊಡುವಷ್ಟು ಹಣವಿರಲಿಲ್ಲ. ದಿಲ್ಲಿಯಲ್ಲಿ ಲತಾ ಮಂಗೇಶ್ಕರ್ ಅವರ ಗಾಯನ ಕಛೇರಿಯನ್ನು ಏರ್ಪಡಿಸಿ, ಅದರಿಂದ ಕೂಡಿದ ಹಣದಲ್ಲಿ ಒಬ್ಬೊಬ್ಬರಿಗೆ ಒಂದು ಲಕ್ಷ ರೂಪಾಯಿ ಹಂಚಬೇಕಾಯಿತು. ತನ್ನ ಪಂದ್ಯವನ್ನು ದೂರದರ್ಶನ ತೋರಿಸಬೇಕಾದರೆ ಮಂಡಳಿಯೇ ದುಡ್ಡು ತೆರಬೇಕಾಗಿದ್ದ ಕಾಲವದು. ಬೆಳೆದವನೇ ಸಂತೆಗೆ ಸುಂಕ ಕೊಟ್ಟು ಕಾಳನ್ನು ಪುಕ್ಕಟೆ ಹಂಚಿ ಬಂದಂತೆ!

1991ರ ನವೆಂಬರಿನಲ್ಲಿ ದಕ್ಷಿಣ ಆಫ್ರಿಕದ ತಂಡ ದೀರ್ಘ ಬಹಿಷ್ಕಾರದ ತರುವಾಯ ಮೊದಲು ಆಡಲು ಬಂದದ್ದು ಭಾರತಕ್ಕೆ. ಪಂದ್ಯಗಳನ್ನು ತಮ್ಮ ದೇಶದಲ್ಲಿ ತೋರಿಸಲು ಏನು ಕೊಡಬೇಕೆಂದು ಆ ದೇಶದವರು ವಿಚಾರಿಸಿದರು. ಮಾರಬಲ್ಲ ಸರಕೊಂದು ತನ್ನ ಮನೆಯಲ್ಲೇ ಇದೆಯೆಂಬ ಅರಿವು ಮಂಡಳಿಗೆ ಮೂಡಿದ್ದು ಈ ಪ್ರಶ್ನೆಯಿಂದ. 1993ರ ಆರಂಭದಲ್ಲಿ ಇಂಗ್ಲೆಂಡ್ ತಂಡ ಬಂದಾಗ ಮಂಡಳಿಯು ಪ್ರಸಾರದ ಹಕ್ಕನ್ನು ಟ್ರಾನ್ಸ್ ವರ್ಲ್ಡ್ ಇಂಟರ್‌ನ್ಯಾಷನಲ್ ಎಂಬ ವಿದೇಶೀ ಸಂಸ್ಥೆಗೆ ಮಾರಿತು. ಅದೇ ವರ್ಷದ ನವೆಂಬರಿನಲ್ಲಿ ಹೀರೋ ಕಪ್ ಪಂದ್ಯಾವಳಿಯನ್ನು ಏರ್ಪಡಿಸಿದ ಬಂಗಾಳ ಕ್ರಿಕೆಟ್ ಸಂಸ್ಥೆಯೂ ಇದೇ ದಾರಿ ಹಿಡಿಯಿತು. ಆಗ ಸರಕಾರ ಅಡ್ಡ ಬಂದಿತು. 1885ರ ತಂತಿ ಕಾಯಿದೆಯ ಪ್ರಕಾರ ಆಕಾಶಕ್ಕೆ ಸಂದೇಶ ಕಳಿಸುವ ಅಧಿಕಾರ ತನ್ನೊಬ್ಬನದೇ ಎಂಬುದು ಅದರ ವಾದ. ತಂತಿಯಲ್ಲಿ ಟಕಟಕ ಸದ್ದು ಕಳಿಸುತ್ತಿದ್ದ ರಾಣಿಯ ಕಾಲದ ಕಾಯಿದೆ ಉಪಗ್ರಹದ ಚಿತ್ರವನ್ನು ತಡೆಯಲು ನಿಂತುದು ವಿಚಿತ್ರವೇ ಸರಿ. ವಿದೇಶೀ ಸಂಸ್ಥೆಯ ಉಪಕರಣಗಳನ್ನು ಮುಂಬಯಿಯಲ್ಲಿ ಸುಂಕದ ಅಧಿಕಾರಿಗಳು ಹಿಡಿದಿಟ್ಟರು. ವ್ಯಾಜ್ಯ ಕಲಕತ್ತೆಯ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೇರಿತು. ಮಧ್ಯಂತರ ಆಜ್ಞೆಗಳ ಬಲದಿಂದ ಪ್ರಸಾರ ಸಾಗಿತು.

ಹೀಗೆ ಕೋರ್ಟಿನ ನೆರಳಲ್ಲಿ ನಡೆದ ಆ ಪಂದ್ಯಗಳಾದರೂ ಎಂಥವು! ನವೆಂಬರ್ 24ರ ಸೆಮಿಫೈನಲಿನ ಕೊನೆಯ ಓವರಿನಲ್ಲಿ ದಕ್ಷಿಣ ಆಫ್ರಿಕಕ್ಕೆ ಆರು ಓಟ ಬೇಕಿದ್ದಾಗ ಸಚಿನ್ ತೆಂಡೂಲ್ಕರ್ ಕೇವಲ ಮೂರನ್ನು ಕೊಟ್ಟರು. ಮೂರು ದಿನಗಳ ಮೇಲೆ ಫೈನಲಿನಲ್ಲಿ ನಮ್ಮ ಅನಿಲ್ ಕುಂಬ್ಳೆ 12 ಓಟಕ್ಕೆ 6 ಹುದ್ದರಿ ಕಿತ್ತು ವೆಸ್ಟ್ ಇಂಡೀಸನ್ನು ಉರುಳಿಸಿದರು. ಕುಂಬಳೆ ಕಾಸರಗೋಡಿನ ಊರೆಂಬುದನ್ನು ಗಡಿನಾಡಿನವರಿಗೆ ಹೇಳಬೇಕಾಗಿಲ್ಲ.

1995ರ ಫೆಬ್ರವರಿ 9ರಂದು ತೀರ್ಪು ಹೊರಬಿತ್ತು. ಆಕಾಶದ ತರಂಗಗಳು ಸಾರ್ವಜನಿಕರ ಸೊತ್ತು; ಅವುಗಳ ಮೇಲೆ ಸರಕಾರಕ್ಕೆ ಏಕಸ್ವಾಮ್ಯವಿಲ್ಲ; ಹಾಗೆಂದು ಹಣವುಳ್ಳವರೂ ಅವುಗಳನ್ನು ತಮ್ಮವೆನ್ನಲಾಗದು; ಜನರ ಹಿತಕ್ಕಾಗಿ ಸ್ವತಂತ್ರ ಸಾರ್ವಜನಿಕ ಪ್ರಾಧಿಕಾರವೊಂದು ಅವುಗಳನ್ನು ನಿಯಂತ್ರಿಸಬೇಕು. ಇದು ಅದರ ಸಾರ. 1935ರಲ್ಲಿ ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಸ್ವಂತ ಶ್ರಮದಿಂದ ತೆರೆದ ಬಾನುಲಿ ಕೇಂದ್ರಕ್ಕೆ 'ಆಕಾಶವಾಣಿ' ಎಂಬ ಹೆಸರಿತ್ತು. ಆಕಾಶ ಯಾರದೆಂಬ ಪ್ರಶ್ನೆಗೆ ಉತ್ತರ ಬರಲು ಅಲ್ಲಿಂದ ಅರವತ್ತು ವರ್ಷ ಹಿಡಿಯಿತು.

ತೀರ್ಪಿನಿಂದ ಸರಕಾರದ ಹಿಡಿತವೇನೋ ಸಡಿಲಿತು. ಆದರೆ ಅದರ ಮೊದಲ ಲಾಭವನ್ನು ಕಂಡವರು ವ್ಯಾಪಾರಿಗಳು. ಬೆಂಗಳೂರಿನಿಂದ ಹೊರಟು ಅಮೆರಿಕದಲ್ಲಿ ನೆಲೆಸಿದ್ದ ಮಾರ್ಕ್ ಮಸ್ಕರೇನಸ್ ಎಂಬುವರ ವರ್ಲ್ಡ್‌ಟೆಲ್ ಸಂಸ್ಥೆ 1996ರ ವಿಶ್ವಕಪ್ಪಿನ ಹಕ್ಕನ್ನು ಒಂದು ಕೋಟಿ ಡಾಲರಿಗೆ ಕೊಂಡಿತು. ಅಧಿಕೃತ ಪಾನೀಯವೆಂಬ ಪಟ್ಟವನ್ನು ಕೋಕಾ ಕೋಲಾ ಹಣ ತೆತ್ತು ಪಡೆದರೆ, ಪೆಪ್ಸಿಯವರು ತಮ್ಮದರಲ್ಲಿ ಅಧಿಕೃತವಾದುದೇನೂ ಇಲ್ಲವೆಂದು ಸಾರಿಯೇ ಜನರ ಗಮನ ಸೆಳೆದರು. ಪಟ್ಟ ಒಬ್ಬರಿಗೆ, ಮೆರವಣಿಗೆ ಇನ್ನೊಬ್ಬರಿಗೆ.

2008ರ ಏಪ್ರಿಲ್ 18ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆರಂಭವಾದ ಐಪಿಎಲ್ ಈ ವ್ಯಾಪಾರದ ಪೂರ್ಣರೂಪ. ಸಂಜೆಯ ಊಟದ ಹೊತ್ತಿಗೆ ಹೊಂದುವ ಮೂರೂವರೆ ಗಂಟೆಯ ಆಟ. ಆರು ಎಸೆತಕ್ಕೊಮ್ಮೆ ಜಾಹೀರಾತಿಗೆ ಎಡೆ. ಸಾಲದೆಂದು 2009ರಿಂದ 'ತಂತ್ರದ ವಿರಾಮ' ಬೇರೆ. ಅದು ಯಾರ ತಂತ್ರವೆಂಬುದನ್ನು ವಾಚಕರೇ ಊಹಿಸಬಹುದು. 2018ರಿಂದ ಐದು ವರ್ಷಗಳ ಪ್ರಸಾರದ ಹಕ್ಕು 16,347 ಕೋಟಿ ರೂಪಾಯಿಗೆ ಹೋಯಿತು. 2023ರಿಂದ 2027ರವರೆಗಿನ ಹಕ್ಕು 48,390 ಕೋಟಿಗೆ ಏರಿತು. ಲೆಕ್ಕ ಹಾಕಿದರೆ ಒಂದು ಪಂದ್ಯದ ಬೆಲೆ ಸುಮಾರು 118 ಕೋಟಿ.

ಇಷ್ಟು ಹಣ ತೆತ್ತವರು ಅದನ್ನು ಹಿಂದಕ್ಕೆ ಪಡೆಯುವುದು ನೋಡುಗರ ಸಂಖ್ಯೆಯನ್ನು ಜಾಹೀರಾತುದಾರರಿಗೆ ಮಾರಿ, ಮತ್ತು ಚಂದಾ ಎತ್ತಿ. ಕನ್ನಡ ಇದರೊಳಗೆ ಬಂದದ್ದು ಈ ಬಾಗಿಲಿನಿಂದ. 2018ರಲ್ಲಿ ಸ್ಟಾರ್ ಸಂಸ್ಥೆ ಇಂಗ್ಲಿಷ್, ಹಿಂದಿ, ತಮಿಳು, ತೆಲುಗು, ಬಂಗಾಳಿಗಳ ಜೊತೆಗೆ ಕನ್ನಡದಲ್ಲೂ ವೀಕ್ಷಕ ವಿವರಣೆಯನ್ನು ಕೊಟ್ಟಿತು. ಚಿತ್ರ ಒಂದೇ, ಮಾತು ಬದಲಾದರೆ ಜಾಹೀರಾತು ಬೇರೆ, ಗಿರಾಕಿ ಬೇರೆ. ಭಾಷಾಭಿಮಾನಕ್ಕಿಂತ ಲೆಕ್ಕಾಚಾರವೇ ಇಲ್ಲಿ ಮುಂದಿತ್ತೆಂಬುದು ನಮ್ಮ ಅಭಿಪ್ರಾಯ. ಆದರೂ ಫಲವನ್ನು ಹೀಗಳೆಯಲಾರೆವು. ಜತ್ತ, ಅಕ್ಕಲಕೋಟೆಗಳ ಕಡೆ ಕನ್ನಡ ಶಾಲೆಯ ಹುಡುಗರು ಅಂಗಳದಲ್ಲಿ ಆಡುವಾಗ 'ಚೌಕಾರ', 'ಷಟ್ಕಾರ' ಎಂದು ಮರಾಠಿಯಲ್ಲಿ ಕೂಗುವುದನ್ನು ಬಲ್ಲವರಿಗೆ, ಒಂದು ಕನ್ನಡ ವಿವರಣೆ ಮನೆಯೊಳಕ್ಕೆ ಬಂದರೆ ಏನಾದೀತೆಂಬುದು ಗೊತ್ತು.

ಬರುವುದೇ ಕಷ್ಟ. ನೋಡುಗರನ್ನು ಎಣಿಸುವ ಬಾರ್ಕ್ ಸಂಸ್ಥೆಯ ಪಟ್ಟಿಯಲ್ಲಿ ಮಾರುಕಟ್ಟೆಗಳ ವಿಂಗಡಣೆ ರಾಜ್ಯಗಳ ಮೇಲೆ ನಿಂತಿದೆ. ಜತ್ತದ ಕನ್ನಡ ಮನೆ ಮಹಾರಾಷ್ಟ್ರ-ಗೋವೆಯ ಲೆಕ್ಕಕ್ಕೆ, ಕಾಸರಗೋಡಿನದು ಕೇರಳದ ಲೆಕ್ಕಕ್ಕೆ, ಆದವಾನಿಯದು ಆಂಧ್ರ-ತೆಲಂಗಾಣದ ಲೆಕ್ಕಕ್ಕೆ ಸೇರುತ್ತದೆ. ಕನ್ನಡ ವಾಹಿನಿಯ ಬೆಲೆಯನ್ನು ಕರ್ನಾಟಕದ ಎಣಿಕೆಯಿಂದ ಕಟ್ಟುವಾಗ ನಾವು ಲೆಕ್ಕದ ಹೊರಗೆ ಉಳಿಯುತ್ತೇವೆ. ಧಾರವಾಡದ ಬಾನುಲಿ ನಮ್ಮ ಹಳ್ಳಿಗಳಿಗೆ ಕೇಳಿಸುತ್ತಿದ್ದಾಗ ಅದು ಯಾವ ರಾಜ್ಯದ ಕಿವಿಯೆಂದು ಕೇಳಿರಲಿಲ್ಲ.

ಸರಕಾರಿ ವಾಹಿನಿಯ ಆಸರೆಯೂ ಕಿರಿದಾಗಿದೆ. 2007ರ ಕಾಯಿದೆಯಂತೆ ರಾಷ್ಟ್ರೀಯ ಮಹತ್ವದ ಪಂದ್ಯಗಳ ಸಂಕೇತವನ್ನು ಖಾಸಗಿಯವರು ಪ್ರಸಾರ ಭಾರತಿಯೊಡನೆ ಹಂಚಿಕೊಳ್ಳಬೇಕು. ಆದರೆ 2017ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟು, ಆ ಚಿತ್ರ ದೂರದರ್ಶನದ ಸ್ವಂತ ಭೂಪ್ರಸಾರ ಹಾಗೂ ಉಚಿತ ಡಿಶ್‌ಗೆ ಮಾತ್ರ ಸಲ್ಲತಕ್ಕದ್ದು, ಕೇಬಲಿನವರಿಗೆ ಸಲ್ಲದು ಎಂದಿತು. ಐಪಿಎಲ್ ಅಂತೂ ಆ ಪಟ್ಟಿಯಲ್ಲೇ ಇಲ್ಲ.

2023ರಲ್ಲಿ ಮೊಬೈಲಿನ ಪ್ರಸಾರ ಹನ್ನೆರಡು ಭಾಷೆಗಳಲ್ಲಿ ಬಂದಾಗ ಗಡಿ ಅಳಿಸಿಹೋದಂತಾಯಿತು. ಎಲ್ಲಿ ಕುಳಿತವನೂ ಕನ್ನಡವನ್ನು ಆರಿಸಬಹುದಿತ್ತು, ಕಾಸೂ ಬೇಕಿರಲಿಲ್ಲ. 2025ಕ್ಕೆ ಚಂದಾ ಅಥವಾ ನಿಗದಿತ ರೀಚಾರ್ಜು ಬೇಕಾಯಿತು. ಆದರೂ ಹೀಗೆ ಆರಿಸಿದವನ ಲೆಕ್ಕ ಭಾಷೆಯ ಮೇಲೂ ದಾಖಲಾಗಬಲ್ಲದು. ಈಗಿನ ಹಕ್ಕಿನ ಅವಧಿ 2027ಕ್ಕೆ ಮುಗಿಯುತ್ತದೆ. ಮುಂದಿನ ಹರಾಜಿನ ಒಳಗೆ, ಗಡಿಯ ಕನ್ನಡ ಮನೆಗಳನ್ನು ಕನ್ನಡದ ಅಂಕಣದಲ್ಲೇ ಎಣಿಸಬೇಕೆಂದು ನಮ್ಮ ಸಂಘ ಎಣಿಕೆಯವರಿಗೂ ವಾಹಿನಿಗಳಿಗೂ ಬರೆಯಬಹುದಾಗಿದೆ. ತಾಲೂಕುವಾರು ಕನ್ನಡ ಶಾಲೆಗಳ ಮಕ್ಕಳ ಸಂಖ್ಯೆ ನಮ್ಮ ಹಾಜರಿ ಪುಸ್ತಕಗಳಲ್ಲೇ ಇದೆ.